ಪಂಡಿತಾ ರಮಾಬಾಯಿಯವರ ಗ್ರಂಥವ್ಯಾಸಂಗ

ನಮ್ಮ ಅಲ್ಲಾಳಸಂದ್ರದ ಪಕ್ಕದಲ್ಲಿ ಹಾದುಹೋಗುವ ಹೆದ್ದಾರಿಗೆ ಬಳ್ಳಾರಿ ರಸ್ತೆಯೆಂದು ಹೆಸರು. ಹೆಬ್ಬಾಳದ ಕಡೆಯಿಂದಲೂ ಯಲಹಂಕದ ಕಡೆಯಿಂದಲೂ ಪಾಠಶಾಲೆಗೆ ಬರುವ ನಮ್ಮ ಬಾಲಿಕೆಯರು ಪ್ರತಿದಿನವೂ ಈ ಹೆಸರನ್ನು ಕಾಣುತ್ತಾರೆ. 1810ರಲ್ಲಿ ಆ ಬಳ್ಳಾರಿಗೆ ಬಂದು ನೆಲಸಿದ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಪಾದ್ರಿಗಳು ಸತ್ಯವೇದವನ್ನು ಕನ್ನಡಕ್ಕೆ ತರುವುದಕ್ಕಾಗಿ ಬಹುವರ್ಷಗಳ ಕಾಲ ದುಡಿದರೆಂಬ ಸಂಗತಿಯನ್ನು ಬಲ್ಲವರು ಮಾತ್ರ ನಮ್ಮಲ್ಲಿ ಕೆಲವರೇ. ಪ್ರಾತಃಕಾಲದ ಪ್ರಾರ್ಥನೆಯಲ್ಲಿ ನಾವು ತೆರೆಯುವ ಗ್ರಂಥವು ಕನ್ನಡದಲ್ಲಿಯೇ ಆಕಾಶದಿಂದ ಇಳಿದು ಬಂದುದಲ್ಲ. ಅದನ್ನು ಒಂದೊಂದೇ ಮಾತಾಗಿ ಓದಿ, ವಿಚಾರಮಾಡಿ, ತಪ್ಪಿ, ತಿದ್ದಿ ನಮ್ಮ ಕೈಗೆ ಕೊಟ್ಟವರುಂಟು.

ನಮ್ಮ ಪಾಠಶಾಲೆಯ ಪುಸ್ತಕಭಂಡಾರದಲ್ಲಿ ಒಂದು ಕಪಾಟು ಇದೆ. ಸಭೆಯ ಚರಿತ್ರೆ, ಸುವಾರ್ತೆಗಳ ವ್ಯಾಖ್ಯಾನ, ಭಕ್ತರ ಜೀವನಚರಿತ್ರೆ ಮೊದಲಾದ ಗ್ರಂಥಗಳು ಅದರಲ್ಲಿ ಸಾಲಾಗಿ ನಿಂತಿವೆ. ವರ್ಷಕ್ಕೊಂದು ಸಾರಿ ಧೂಳು ಹೊಡೆಯುವ ದಿವಸ ಅವು ಕೆಳಗಿಳಿಯುವವು; ಸಾಯಂಕಾಲದೊಳಗಾಗಿ ಮತ್ತೆ ಮೇಲೇರುವವು. ಇದಕ್ಕೆ ಕಾರಣವೇನೆಂದು ನಾವು ಹಲವು ಸಾರಿ ಯೋಚಿಸಿದ್ದೇವೆ. ಇಂಥ ಪುಸ್ತಕಗಳು ಪಾದ್ರಿಗಳಿಗೆ ಸೇರಿದವು, ಹೆಣ್ಣುಮಕ್ಕಳಿಗೆ ನಂಬಿಕೆಯಿದ್ದರೆ ಸಾಕು, ಹೆಚ್ಚು ಓದಿ ಪ್ರಶ್ನೆಗಳನ್ನು ಎಬ್ಬಿಸಿದರೆ ಆ ನಂಬಿಕೆಯೂ ಸಡಿಲವಾದೀತು ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಉಂಟು. ನಾವೂ ಆ ಭಾವನೆಯಿಂದ ಪೂರ್ಣವಾಗಿ ಬಿಡುಗಡೆ ಹೊಂದಿದವರಲ್ಲ. ಆದುದರಿಂದ ಕನ್ನಡನಾಡಿನ ಅಡವಿಯಲ್ಲಿ ಹುಟ್ಟಿ, ಓದುವುದನ್ನೇ ಜೀವನದ ಪಥವಾಗಿ ಮಾಡಿಕೊಂಡು, ಪ್ರಶ್ನೆ ಕೇಳುವುದಕ್ಕೆ ಹೆದರದೆ ನಡೆದ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬರೆಯಲು ಮನಸ್ಸು ಮಾಡಿದ್ದೇವೆ.

ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸೀಮೆಗೆ ಸೇರಿದ ಚಿತ್ಪಾವನ ಬ್ರಾಹ್ಮಣರು. ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಯೌವನದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಅವರು ಕಂಡರು. ಸ್ತ್ರೀಯ ಬಾಯಲ್ಲಿ ಸಂಸ್ಕೃತ ಶ್ಲೋಕವನ್ನು ಕೇಳಿದ ಆ ದಿವಸವೇ ತಾವೂ ತಮ್ಮ ಮನೆಯ ಸ್ತ್ರೀಯರಿಗೆ ವಿದ್ಯೆಯನ್ನು ಕಲಿಸಬೇಕೆಂದು ನಿಶ್ಚಯಿಸಿದರು.

ಆ ನಿಶ್ಚಯವನ್ನು ನಡೆಸುವುದು ಸುಲಭವಾಗಿರಲಿಲ್ಲ. ಎರಡನೆಯ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಶಾಸ್ತ್ರಿಗಳು ಪಾಠ ಹೇಳತೊಡಗಲು ಬಂಧುಗಳೂ ನೆರೆಹೊರೆಯವರೂ ಕೋಪಗೊಂಡರು. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು ಅವರು ತಮ್ಮ ನಡತೆಯನ್ನು ಶಾಸ್ತ್ರಾಧಾರಗಳಿಂದ ಸಮರ್ಥಿಸಿಕೊಳ್ಳಬೇಕಾಯಿತು. ಕಡೆಗೆ ಊರಿನ ಗೊಡವೆಯೇ ಬೇಡವೆಂದು ಗಂಗಾಮೂಲದ ಕಾಡನ್ನು ಸೇರಿ ಅಲ್ಲಿಯೇ ಗೃಹವನ್ನು ಕಟ್ಟಿ, ಶಿಷ್ಯರಿಗೂ ಪತ್ನಿಗೂ ಪಾಠ ಹೇಳುತ್ತ ಕಾಲ ಕಳೆದರು. ಒಬ್ಬ ಸ್ತ್ರೀಯು ಅಕ್ಷರ ಕಲಿಯುವುದಕ್ಕಾಗಿ ಒಂದು ಸಂಸಾರವು ಊರನ್ನು ಬಿಟ್ಟು ಹುಲಿಗಳಿರುವ ಕಾಡನ್ನು ಸೇರಬೇಕಾದ ಕಾಲವದು.

ರಮಾಬಾಯಿಯವರಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಮನೆಯ ಸಂಪತ್ತು ಕರಗಿಹೋಯಿತು. ಶಾಸ್ತ್ರಿಗಳು ಸಂಸಾರಸಮೇತರಾಗಿ ತೀರ್ಥಯಾತ್ರೆಗೆ ಹೊರಟರು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಸೇವಕನೊಬ್ಬನು ತಲೆಯ ಮೇಲೆ ಹೊತ್ತು ಘಟ್ಟವನ್ನು ಇಳಿದನು. ಅಂದಿನಿಂದ ಅವರಿಗೆ ನೆಲೆಯಾದ ಊರೆಂಬುದು ಇರಲಿಲ್ಲ. ದೇವಾಲಯಗಳ ಅಂಗಳದಲ್ಲಿಯೂ ನದೀತೀರದಲ್ಲಿಯೂ ಪುರಾಣವನ್ನು ಪಠಿಸಿ, ಕೇಳಿದವರು ಕೊಟ್ಟುದರಿಂದ ಜೀವಿಸುತ್ತಿದ್ದರು. ತಂದೆಗೆ ಮುಪ್ಪು ಬಂದುದರಿಂದ ಮಗಳ ವಿದ್ಯಾಭ್ಯಾಸವನ್ನು ತಾಯಿಯೇ ವಹಿಸಿಕೊಂಡರು. ಹಗಲೆಲ್ಲಾ ಮನೆಗೆಲಸದಲ್ಲಿ ತೊಡಗಿರುತ್ತಿದ್ದ ಆ ತಾಯಿಯು ಕೋಳಿ ಕೂಗುವ ಮುಂಚೆ ಮಗುವನ್ನು ಎಬ್ಬಿಸಿ, ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಬಾಯಿಪಾಠ ಮಾಡಿಸುತ್ತಿದ್ದರು. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಭಾಗವತದ 18,000 ಶ್ಲೋಕಗಳು ಬಾಲಿಕೆಗೆ ಕಂಠಸ್ಥವಾಗಿದ್ದವು. ಸಂಚಾರದಲ್ಲಿ ಮರಾಠಿಯೊಂದಿಗೆ ಕನ್ನಡ, ಹಿಂದೂಸ್ತಾನಿ ಮುಂತಾದ ಭಾಷೆಗಳೂ ದೊರೆತವು.

1874ರ ಸುಮಾರಿನಲ್ಲಿ ದಕ್ಷಿಣದೇಶದಲ್ಲಿ ಕ್ಷಾಮವು ತಲೆದೋರಿತು. ಕೈಯಲ್ಲಿದ್ದ ಹಣವು ದಾನಧರ್ಮಗಳಲ್ಲಿಯೂ ವ್ರತಗಳಲ್ಲಿಯೂ ಮುಗಿದುಹೋಗಿತ್ತು. ಕೂಲಿ ಮಾಡುವುದಕ್ಕೆ ಕುಲದ ಅಭಿಮಾನವು ಅಡ್ಡಬಂದಿತು. ಎಲೆಗಳನ್ನು ತಿಂದು ಹಸಿವನ್ನು ತಾಳಿದ ದಿವಸಗಳೂ ಉಂಟು. ಮೊದಲು ತಂದೆ, ಸ್ವಲ್ಪ ಕಾಲದಲ್ಲಿಯೇ ತಾಯಿ, ಆಮೇಲೆ ಅಕ್ಕ, ಹೀಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿ ಇಬ್ಬರೇ. ಅವರು ಬರಿಗಾಲಿನಲ್ಲಿ ಭರತಖಂಡವನ್ನೆಲ್ಲಾ ಸುತ್ತಿ, ಸ್ತ್ರೀಯರಿಗೆ ವಿದ್ಯೆ ಬೇಕೆಂದು ಊರೂರಿನಲ್ಲಿ ಉಪನ್ಯಾಸ ಮಾಡುತ್ತ 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿನ ವಿದ್ವಾಂಸರು ಈ ಇಪ್ಪತ್ತು ವರ್ಷದ ತರುಣಿಯನ್ನು ಪರೀಕ್ಷಿಸಿ ಬೆರಗಾಗಿ ಪಂಡಿತಾ ಎಂಬ ಬಿರುದನ್ನೂ ಸರಸ್ವತಿ ಎಂಬ ಬಿರುದನ್ನೂ ಕೊಟ್ಟರು.

ಕಲ್ಕತ್ತೆಯಲ್ಲಿ ನಡೆದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಕ್ರೈಸ್ತರ ಒಂದು ಕೂಟಕ್ಕೆ ಅಣ್ಣತಂಗಿಯರನ್ನು ಕರೆದಿದ್ದರು. ಅಲ್ಲಿ ಜನರು ಕುರ್ಚಿಗಳ ಎದುರಿಗೆ ಮೊಣಕಾಲೂರಿದುದನ್ನು ಕಂಡು, ಇವರು ಕುರ್ಚಿಗಳನ್ನೇ ಪೂಜಿಸುವವರೆಂದು ಇಬ್ಬರೂ ಭಾವಿಸಿದರಂತೆ. ಬರುವಾಗ ಸಂಸ್ಕೃತದಲ್ಲಿ ಅಚ್ಚಾದ ಸತ್ಯವೇದದ ಪ್ರತಿಯೊಂದು ಕಾಣಿಕೆಯಾಗಿ ದೊರೆಯಿತು. ರಮಾಬಾಯಿಯವರು ಅದನ್ನು ತೆರೆದು ನೋಡಿದರು. ಕಾವ್ಯಪುರಾಣಗಳ ಸಂಸ್ಕೃತಕ್ಕೂ ಅದರ ಸಂಸ್ಕೃತಕ್ಕೂ ಬಹಳ ಭೇದವಿದ್ದುದರಿಂದ, ಓದುವುದು ಕಾಲಹರಣವೆಂದು ಮುಚ್ಚಿಟ್ಟರು. ಅಕ್ಷರವನ್ನು ಬಲ್ಲ ಪಂಡಿತೆಗೂ ಅರ್ಥವಾಗದ ಭಾಷಾಂತರದಿಂದ ಅಕ್ಷರವರಿಯದವರಿಗೆ ಪ್ರಯೋಜನವೇನು? ಈ ಅನುಭವವು ಆಕೆಯ ಮನಸ್ಸಿನಲ್ಲಿ ಬೀಜದಂತೆ ಉಳಿಯಿತೆಂದು ನಮಗೆ ತೋರುತ್ತದೆ.

ಎರಡನೆಯದು ಬ್ರಹ್ಮಸಮಾಜದ ಕೇಶವಚಂದ್ರ ಸೇನರ ಭೇಟಿ. ಸ್ತ್ರೀಯರು ವೇದವನ್ನು ಓದಬಾರದೆಂದು ರಮಾಬಾಯಿಯವರು ಹೇಳಲು, ಸೇನರು ನಕ್ಕು ವೇದದ ಒಂದು ಪ್ರತಿಯನ್ನು ಆಕೆಯ ಕೈಯಲ್ಲಿಟ್ಟು ಓದಬೇಕೆಂದು ಬುದ್ಧಿಹೇಳಿದರು. ಅಲ್ಲಿಂದ ಆಕೆ ಧರ್ಮಶಾಸ್ತ್ರಗಳನ್ನೂ ವೇದವೇದಾಂತಗಳನ್ನೂ ಸ್ವತಃ ಶೋಧಿಸತೊಡಗಿದರು. ಗ್ರಂಥಗಳು ಅನೇಕ ವಿಷಯಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿದ್ದರೂ, ಸ್ತ್ರೀಯರನ್ನು ಕೀಳಾಗಿ ಕಾಣುವುದರಲ್ಲಿ ಒಮ್ಮತವಾಗಿರುವಂತೆ ಆಕೆಗೆ ಕಂಡವು. ಇದು ಆಕೆಯನ್ನು ಬಹಳವಾಗಿ ನೋಯಿಸಿತು. ಇತರರ ಬಾಯಿಂದ ಕೇಳಿ ಒಪ್ಪಿದವರಿಗೆ ಈ ನೋವು ಬಾರದು. ಮೂಲವನ್ನು ಓದಿದವರಿಗೇ ಬರುವುದು.

1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಿಪಿನ ಬಿಹಾರಿ ದಾಸ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. ಅಲ್ಲಿ ತಮ್ಮ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಒಂದು ಸಣ್ಣ ಹೊತ್ತಗೆಯು ಆಕೆಯ ಕಣ್ಣಿಗೆ ಬಿತ್ತು. ಅದು ಲೂಕನ ಸುವಾರ್ತೆ. ಸಂಸ್ಕೃತದಲ್ಲಿ ಬಾಗಿಲು ಮುಚ್ಚಿಕೊಂಡಿದ್ದ ಗ್ರಂಥವು ಜನರು ಆಡುವ ಮಾತಿನಲ್ಲಿ ಬಾಗಿಲು ತೆರೆಯಿತು. ಬ್ಯಾಪ್ಟಿಸ್ಟ್ ಮಿಷನಿನ ಒಬ್ಬ ಪಾದ್ರಿಗಳು ಮನೆಗೆ ಬಂದು ಆದಿಕಾಂಡದ ಮೊದಲ ಅಧ್ಯಾಯವನ್ನು ವಿವರಿಸುತ್ತಿದ್ದರು. ಈ ಕಡೆಗೆ ಪತ್ನಿಯ ಮನಸ್ಸು ಹೆಚ್ಚಾಗಿ ಹರಿಯುವುದು ಪತಿಗೆ ಸಮ್ಮತವಾಗಿರಲಿಲ್ಲ. 1881ರಲ್ಲಿ ಮನೋರಮೆ ಎಂಬ ಹೆಣ್ಣುಮಗುವು ಹುಟ್ಟಿತು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ಮೃತಿಹೊಂದಿದರು. ಇಪ್ಪತ್ತನಾಲ್ಕು ವರ್ಷವೂ ತುಂಬದ ರಮಾಬಾಯಿಯವರು ಕೈಕೂಸಿನೊಂದಿಗೆ ವಿಧವೆಯಾದರು.

ಅನಂತರ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ಹೇಳಿ, ಸ್ತ್ರೀಯರಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಬರೆದು, ಅದರಿಂದ ಬಂದ ಹಣವನ್ನು ಪ್ರಯಾಣದ ವೆಚ್ಚಕ್ಕೆ ಕೂಡಿಸಿ, ವೈದ್ಯವಿದ್ಯೆಯನ್ನು ಕಲಿಯಲು 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಕಿವಿಯ ದೋಷದಿಂದ ಆ ಆಶೆಯು ನೆರವೇರಲಿಲ್ಲ. ವಾಂಟೇಜ್ ಎಂಬ ಊರಿನಲ್ಲಿದ್ದ ಆಂಗ್ಲಿಕನ್ ಕನ್ಯಾಸ್ತ್ರೀಯರು ಆಕೆಗೆ ಆಶ್ರಯ ಕೊಟ್ಟರು.

ಆ ಸೋದರಿಯರು ಲಂಡನಿನ ಫುಲ್ಹ್ಯಾಮಿನಲ್ಲಿ ದಾರಿತಪ್ಪಿದ ಸ್ತ್ರೀಯರಿಗಾಗಿ ಒಂದು ಗೃಹವನ್ನು ನಡೆಸುತ್ತಿದ್ದರು. ಅದನ್ನು ಕಂಡು ರಮಾಬಾಯಿಯವರು ವಿಸ್ಮಯಗೊಂಡರು. ಸಮಾಜವು ಹೊರಗೆ ಹಾಕಿದವರನ್ನು ಇಷ್ಟು ಪ್ರೀತಿಯಿಂದ ಕಾಣುವುದಕ್ಕೆ ಕಾರಣವೇನೆಂದು ವಿಚಾರಿಸಲು, ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿರುವ ಸಮಾರ್ಯದ ಸ್ತ್ರೀಯ ವೃತ್ತಾಂತವನ್ನು ಓದಿ ತೋರಿಸಿದರು. ಯೇಸುಸ್ವಾಮಿಯು ಅಂಥ ಒಬ್ಬ ಸ್ತ್ರೀಯೊಂದಿಗೆ ಬಾವಿಯ ಬಳಿಯಲ್ಲಿ ಕುಳಿತು ದೇವರ ಆರಾಧನೆಯ ವಿಷಯವಾಗಿ ಸಂಭಾಷಿಸಿದುದು ಆಕೆಯ ಹೃದಯವನ್ನು ಮುಟ್ಟಿತು. ಬ್ರಾಹ್ಮಣ ಪಂಡಿತರಾಗಿದ್ದು ಕ್ರೈಸ್ತರಾದ ನೆಹೆಮ್ಯ ಗೋರೆಯವರ ಬರಹಗಳೂ ಆಕೆಯ ಸಂಶಯಗಳನ್ನು ಕೆಲವು ಮಟ್ಟಿಗೆ ಪರಿಹರಿಸಿದವು. 1883ನೆಯ ಇಸವಿ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು.

ಸಾಧಾರಣವಾಗಿ ಇಂಥ ಚರಿತ್ರೆಗಳು ಇಲ್ಲಿಗೆ ಮುಗಿಯುವವು. ರಮಾಬಾಯಿಯವರ ವಿಷಯದಲ್ಲಿ ಹಾಗಾಗಲಿಲ್ಲ. 1884ರಿಂದ 1886ರ ವರೆಗೆ ಆಕೆ ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ ಗಣಿತ, ಪ್ರಕೃತಿವಿಜ್ಞಾನ, ಇಂಗ್ಲಿಷ್ ಭಾಷೆಗಳನ್ನು ಕಲಿತರು. ಅದೇ ಕಾಲದಲ್ಲಿ ಹೊಸ ಒಡಂಬಡಿಕೆಯನ್ನೂ ಸಭೆಯ ಉಪದೇಶಗಳನ್ನೂ ಒಂದಕ್ಕೊಂದು ಹೋಲಿಸಿ ಓದಿದರು. ದೇವರು ಒಬ್ಬನೇ ಆಗಿದ್ದು ಮೂವರು ಹೇಗೆ? ಶತಮಾನಗಳ ತರುವಾಯ ಸಭೆಯು ರಚಿಸಿದ ವಿಶ್ವಾಸಪ್ರಮಾಣಗಳನ್ನು ಸುವಾರ್ತೆಗೆ ಸಮಾನವಾಗಿ ಎಣಿಸಬೇಕೇ? ಇಂಥ ಪ್ರಶ್ನೆಗಳನ್ನು ತನಗೆ ಧರ್ಮಮಾತೆಯಂತಿದ್ದ ಸೋದರಿ ಜೆರಾಲ್ಡೀನರಿಗೂ ಕಾಲೇಜಿನ ಮುಖ್ಯಸ್ಥೆಯಾದ ಡೊರೊಥಿಯಾ ಬೀಲ್ ಅವರಿಗೂ ಬರೆದು ಕೇಳಿದರು. ಇಂಗ್ಲೆಂಡಿನಲ್ಲಿ ಕ್ರೈಸ್ತರೊಳಗೇ ಅನೇಕ ಪಂಗಡಗಳಿದ್ದು, ಪ್ರತಿಯೊಂದೂ ಸತ್ಯವೇದವನ್ನೇ ಆಧಾರವಾಗಿ ತೋರಿಸುತ್ತಿದ್ದುದು ಆಕೆಯನ್ನು ಇನ್ನಷ್ಟು ಯೋಚನೆಗೆ ಈಡುಮಾಡಿತು.

ಸೋದರಿ ಜೆರಾಲ್ಡೀನರಿಗೆ ಈ ಪ್ರಶ್ನೆಗಳು ಗರ್ವದ ಚಿಹ್ನೆಯಾಗಿ ಕಂಡವು. ಹೊಸದಾಗಿ ಸಭೆಯನ್ನು ಸೇರಿದವಳು ನಮ್ರತೆಯಿಂದ ಕಲಿಯಬೇಕಲ್ಲದೆ ವಾದಿಸಬಾರದೆಂಬುದು ಅವರ ಮತ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳನ್ನು ಬರೆಯಬೇಕೆಂಬ ಮಾತು ಬಂದಾಗಲೂ ರಮಾಬಾಯಿಯವರು ಸಂಸ್ಕೃತಕ್ಕಿಂತ ಲ್ಯಾಟಿನ್ ಭಾಷೆಯು ಪವಿತ್ರವಾದುದೆಂದು ಒಪ್ಪಲಿಲ್ಲ. ಆಕೆ ಗಂಡಸರಿಗೆ ಪಾಠ ಹೇಳುವುದು ಸರಿಯಲ್ಲವೆಂದು ಭಾರತದಲ್ಲಿದ್ದ ಬಿಷಪ್ಪರು ಅಭಿಪ್ರಾಯ ಕೊಟ್ಟಾಗ ಅದಕ್ಕೂ ತಲೆಬಾಗಲಿಲ್ಲ. ಇದರಿಂದ ಪ್ರೀತಿಯುಳ್ಳವರ ನಡುವೆಯೂ ಕಠಿನವಾದ ಮಾತುಗಳು ನಡೆದವು. ಆ ಪತ್ರಗಳು 1977ರಲ್ಲಿ ಗ್ರಂಥರೂಪವಾಗಿ ಅಚ್ಚಾದವು. ಅವುಗಳಿಂದ ನಮಗೆ ತಿಳಿಯುವುದೇನೆಂದರೆ, ಆಕೆ ದೇವರನ್ನು ತಳ್ಳಿದವರಲ್ಲ. ಒಂದು ಅಧಿಕಾರವನ್ನು ಬಿಟ್ಟು ಬಂದವರು ಮತ್ತೊಂದು ಅಧಿಕಾರಕ್ಕೆ ಕಣ್ಣುಮುಚ್ಚಿ ಒಳಗಾಗಲು ಒಪ್ಪದವರು. ಗುರುವಿಗೆ ವಿಧೇಯತೆಯೂ ಸತ್ಯಕ್ಕೆ ವಿಧೇಯತೆಯೂ ಬೇರೆಯಾದಾಗ ಎರಡನೆಯದನ್ನು ಆರಿಸಿಕೊಳ್ಳುವುದು ಎಷ್ಟು ನೋವಿನ ಕೆಲಸವೆಂಬುದನ್ನು ಉಪಾಧ್ಯಾಯಿನಿಯರಾದ ನಾವು ಎರಡು ಕಡೆಯಿಂದಲೂ ಬಲ್ಲೆವು.

1886ರಲ್ಲಿ ಆಕೆ ಅಮೆರಿಕಕ್ಕೆ ಹೋದರು. ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯಪದವಿಯನ್ನು ಪಡೆಯುವ ಸಮಾರಂಭಕ್ಕೆ ಹೋದವರು ಅಲ್ಲಿಯೇ ಉಳಿದು, ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನು ಬರೆದು, ಅದನ್ನು ತಾಯಿಯ ನೆನಪಿಗೆ ಅರ್ಪಿಸಿದರು. ಸಹಾಯಕ್ಕಾಗಿ ಬಾಸ್ಟನಿನಲ್ಲಿ ಒಂದು ಸಂಘವು ಏರ್ಪಟ್ಟಿತು. 1889ನೆಯ ಇಸವಿ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ರಾನಡೆ, ಭಂಡಾರ್ಕರ್ ಮುಂತಾದ ಹಿರಿಯರು ಸಲಹೆಗಾರರಾಗಿ ನಿಂತರು. ಆದರೆ ರಮಾಬಾಯಿಯವರ ಸ್ವಂತ ಪ್ರಾರ್ಥನೆಗೆ ಹುಡುಗಿಯರು ಬಂದು ಕೂಡಿಕೊಳ್ಳುವುದನ್ನು ಆಕೆ ತಡೆಯಲಿಲ್ಲವೆಂದು 1893ರಲ್ಲಿ ದೊಡ್ಡ ಕಲಹವೆದ್ದು, ಆ ಹಿರಿಯರು ಸಂಬಂಧವನ್ನು ಬಿಟ್ಟರು; ಅನೇಕರು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು. ಹೆಣ್ಣುಮಕ್ಕಳನ್ನು ನಂಬಿ ಒಪ್ಪಿಸಿದವರ ಆತಂಕವೂ ಸುಳ್ಳಲ್ಲ; ಬಾಗಿಲನ್ನು ಮುಚ್ಚಲಾರದವರ ಅಂತಃಕರಣವೂ ಸುಳ್ಳಲ್ಲ.

ಈ ಕಾಲದಲ್ಲಿಯೂ ಪುಸ್ತಕಗಳೇ ಆಕೆಗೆ ದಾರಿ ತೋರಿಸಿದುದನ್ನು ಗಮನಿಸಬೇಕು. ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಗಳು ಬರೆದ ಸ್ವಂತ ಚರಿತ್ರೆಯನ್ನು ಆಕೆ ಓದಿದರು. ಆ ಪಾದ್ರಿಗಳು ಅನೇಕ ವರ್ಷ ಬೋಧಿಸಿದ ಮೇಲೆ, ಒಂದು ದಿವಸ ತಮ್ಮ ಪ್ರಸಂಗದಿಂದ ತಾವೇ ಮಾರ್ಪಟ್ಟವರು. ಅದನ್ನು ಓದಿದಾಗ, ತಾನು ಕ್ರಿಸ್ತಮತವನ್ನು ಬುದ್ಧಿಯಿಂದ ಅಂಗೀಕರಿಸಿದ್ದರೂ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿಲ್ಲವೆಂಬ ಅರಿವು ರಮಾಬಾಯಿಯವರಿಗೆ ಉಂಟಾಯಿತು. ವರ್ಷಗಳ ಕಾಲ ವಾದದಿಂದ ಸಿಕ್ಕದ ಸಮಾಧಾನವು ಆಮೇಲೆ ದೊರೆಯಿತು. ಪ್ರಶ್ನೆಗಳು ಆಕೆಯನ್ನು ನಂಬಿಕೆಯಿಂದ ದೂರ ಒಯ್ಯಲಿಲ್ಲ; ಸುತ್ತುದಾರಿಯಿಂದ ಅದರ ಒಳಮನೆಗೇ ತಂದುಬಿಟ್ಟವು. ಬಳಿಕ ಬ್ರಿಸ್ಟಲಿನಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್, ಚೀನಾದೇಶದ ಮಿಷನನ್ನು ಕಟ್ಟಿದ ಹಡ್ಸನ್ ಟೇಲರ್, ನ್ಯೂ ಹೆಬ್ರಿಡೀಸ್ ದ್ವೀಪಗಳಲ್ಲಿ ದುಡಿದ ಜಾನ್ ಪೇಟನ್ ಇವರ ಚರಿತ್ರೆಗಳನ್ನು ಓದಿ, ದೇವರನ್ನೇ ನಂಬಿ ಇಂಥ ಕಾರ್ಯವನ್ನು ಭಾರತದಲ್ಲಿಯೂ ನಡೆಸಬಹುದಲ್ಲವೇ ಎಂದು ಆಲೋಚಿಸಿದರು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವು ಬಂದಾಗ ಆ ಆಲೋಚನೆಯು ಕಾರ್ಯರೂಪಕ್ಕೆ ಬಂದಿತು. ಬಾಲ್ಯದ ಹಸಿವನ್ನು ಮರೆಯದ ರಮಾಬಾಯಿಯವರು ಸ್ವತಃ ಹೋಗಿ ಸುಮಾರು 300 ಮಂದಿ ಅನಾಥ ಬಾಲಿಕೆಯರನ್ನೂ ವಿಧವೆಯರನ್ನೂ ಕರೆತಂದರು. ಪುಣೆಗೆ ಸುಮಾರು 55 ಕಿಲೋಮೀಟರ್ ದೂರದ ಕೇಡಗಾಂವದಲ್ಲಿ ಮುಕ್ತಿ ಸದನವು ಎದ್ದಿತು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿ ಸುಮಾರು 2,000 ಜನರಿದ್ದರು. ನೇಯ್ಗೆ, ಬೇಸಾಯ, ಹೈನು, ಹೊಲಿಗೆ, ಅಚ್ಚಿನ ಕೆಲಸ ಎಲ್ಲವನ್ನೂ ಸ್ತ್ರೀಯರೇ ಕಲಿತು ನಡೆಸಿದರು. ಕುರುಡರಿಗೂ ಓದು ಕಲಿಸುವ ಏರ್ಪಾಡಾಯಿತು.

ಈ ಸ್ತ್ರೀಯರ ಕೈಗೆ ಯಾವ ಸತ್ಯವೇದವನ್ನು ಕೊಡಬೇಕು? ಮರಾಠಿಯಲ್ಲಿ ಕೇರಿ ಪಾದ್ರಿಗಳ ಕಾಲದಿಂದ ಭಾಷಾಂತರಗಳಿದ್ದವು. ಆದರೆ ಪಂಡಿತರ ಸಹಾಯದಿಂದ ಸಿದ್ಧವಾದ ಆ ಗ್ರಂಥದ ಭಾಷೆಯು ಹೊಸದಾಗಿ ಅಕ್ಷರ ಕಲಿತ ಹಳ್ಳಿಯ ಹೆಂಗಸಿಗೆ ಭಾರವಾಗಿತ್ತು. ಕಲ್ಕತ್ತೆಯಲ್ಲಿ ತಾನು ಮುಚ್ಚಿಟ್ಟ ಗ್ರಂಥದ ನೆನಪು ಆಗ ಆಕೆಗೆ ಬಂದಿರಬಹುದು. ಹೊಸ ಭಾಷಾಂತರವನ್ನು ತಾನೇ ಮಾಡಬೇಕೆಂದು ನಿಶ್ಚಯಿಸಿ, ನಲವತ್ತು ವರ್ಷ ಮೀರಿದ ವಯಸ್ಸಿನಲ್ಲಿ ಇಬ್ರಿಯ ಭಾಷೆಯನ್ನೂ ಗ್ರೀಕ್ ಭಾಷೆಯನ್ನೂ ಕಲಿತರು. ಸುಮಾರು 1905ರಿಂದ ಆ ಕೆಲಸವು ದಿನವೂ ನಡೆಯಿತು. ಸಂಸ್ಕೃತವು ಕರತಲಾಮಲಕವಾಗಿದ್ದ ಪಂಡಿತೆಯು ಬೇಕೆಂದೇ ಸಂಸ್ಕೃತದ ದೊಡ್ಡ ಶಬ್ದಗಳನ್ನು ದೂರವಿಟ್ಟು, ಅಡಿಗೆಮನೆಯ ಮಾತಿನಲ್ಲಿ ಪ್ರವಾದಿಗಳನ್ನೂ ಅಪೊಸ್ತಲರನ್ನೂ ಮಾತಾಡಿಸಿದರು. ಬೇರೆ ದರ್ಶನದ ಅರ್ಥವು ಅಂಟಿಕೊಂಡಿರುವ ಶಬ್ದಗಳನ್ನು ಶೋಧಿಸಿ ತೆಗೆದರು. ಕ್ಷಾಮದಲ್ಲಿ ಸಾಯಬೇಕಾಗಿದ್ದ ಬಾಲಿಕೆಯರು ಅಚ್ಚಿನ ಮೊಳೆಗಳನ್ನು ಜೋಡಿಸಿದರು, ಕರಡನ್ನು ತಿದ್ದಿದರು, ಕಾಗದವನ್ನು ಮಡಿಸಿ ಹೊಲಿದರು. ಇಡೀ ಸತ್ಯವೇದವನ್ನು ಮೂಲಭಾಷೆಗಳಿಂದ ಭಾಷಾಂತರಿಸಿದ ಸ್ತ್ರೀಯರು ಲೋಕದಲ್ಲಿ ಬಹು ವಿರಳ. ಅಮೆರಿಕದ ಜೂಲಿಯಾ ಸ್ಮಿತ್ ಅವರು ಇಂಗ್ಲಿಷಿಗೆ ಮಾಡಿದ ಭಾಷಾಂತರವು 1876ರಲ್ಲಿ ಅಚ್ಚಾಗಿತ್ತು; ನಮ್ಮ ದೇಶದಲ್ಲಿ ಆ ಕೆಲಸವನ್ನು ಮಾಡಿದವರು ರಮಾಬಾಯಿಯವರು.

ಮಗಳು ಮನೋರಮೆಯು ತಾಯಿಗೆ ಬಲಗೈಯಾಗಿದ್ದಳು. ಕನ್ನಡನಾಡಿನ ಕಲಬುರಗಿಯಲ್ಲಿ, ಅಂದರೆ ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ, 1912ರಲ್ಲಿ ತಾಯಿಮಕ್ಕಳು ಒಂದು ಕ್ರೈಸ್ತ ಪಾಠಶಾಲೆಯನ್ನು ಏರ್ಪಡಿಸಿದರು. ಮನೋರಮೆಯೇ ಅದರ ಮುಖ್ಯಸ್ಥೆಯಾದಳು. ಸ್ತ್ರೀಯರಿಗೆ ವಿದ್ಯೆ ಕಲಿಸಿದುದಕ್ಕಾಗಿ ಕಾಡು ಸೇರಬೇಕಾದ ಅನಂತಶಾಸ್ತ್ರಿಗಳ ಮೊಮ್ಮಗಳು ಅದೇ ಕನ್ನಡನಾಡಿನಲ್ಲಿ ಪಾಠಶಾಲೆಯನ್ನು ನಡೆಸಿದಳೆಂಬುದು ನಮಗೆ ಸಂತೋಷದ ಸಂಗತಿ. 1921ರ ಜುಲೈ ತಿಂಗಳಲ್ಲಿ ಮನೋರಮೆಯು ತಾಯಿಗಿಂತ ಮುಂಚೆಯೇ ತೀರಿಕೊಂಡಳು. ಕಿವಿ ಕೇಳಿಸದ, ದೇಹ ಸೊರಗಿದ ತಾಯಿಯು ಕೈಯಲ್ಲಿದ್ದ ಕರಡುಗಳನ್ನು ಬಿಡಲಿಲ್ಲ. ತಿದ್ದುವ ಕೆಲಸವು ಮುಗಿದ ಸ್ವಲ್ಪ ಕಾಲದಲ್ಲಿಯೇ, 1922ನೆಯ ಇಸವಿ ಏಪ್ರಿಲ್ 5ರಂದು, ರಮಾಬಾಯಿಯವರು ಪ್ರಭುವಿನಲ್ಲಿ ವಿಶ್ರಮಿಸಿದರು. ಪೂರ್ಣಗ್ರಂಥವು 1924ರಲ್ಲಿ ಹೊರಬಂದಿತು. ಸಭೆಗಳಲ್ಲಿ ಬಳಕೆಗೆ ನಿಂತುದು ಬೈಬಲ್ ಸೊಸೈಟಿಯ ಭಾಷಾಂತರವೇ. ಆಕೆಯ ಭಾಷಾಂತರವನ್ನು ಓದುವವರು ಕಡಮೆ. ಆದರೂ ಯಾರಿಗಾಗಿ ಅದು ಹುಟ್ಟಿತೋ ಆ ಸ್ತ್ರೀಯರ ಕೈಗಳೇ ಅದನ್ನು ಅಚ್ಚುಮಾಡಿದವು. 1989ರಲ್ಲಿ ಭಾರತ ಸರಕಾರವು ಆಕೆಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಪ್ರಿಯ ಬಾಲಿಕೆಯರೇ, ಈ ಚರಿತ್ರೆಯಿಂದ ನಾವು ಗ್ರಹಿಸತಕ್ಕದ್ದೇನು? ನೀವೆಲ್ಲರೂ ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿಯಬೇಕೆಂದು ನಾವು ಹೇಳುವುದಿಲ್ಲ. ಕಲಿತರೆ ಬೇಡವೆನ್ನುವುದೂ ಇಲ್ಲ. ನಿಮ್ಮಲ್ಲಿ ಕೆಲವರು ಕ್ರೈಸ್ತರು, ಕೆಲವರು ಅಲ್ಲ. ಯಾವ ಧರ್ಮದವರಾದರೂ ತಾವು ನಂಬುವ ಗ್ರಂಥವನ್ನು ತಾವೇ ತೆರೆದು ಓದುವುದು, ಅದು ಎಲ್ಲಿಂದ ಬಂದಿತೆಂದು ವಿಚಾರಿಸುವುದು, ಅರ್ಥವಾಗದುದನ್ನು ಅರ್ಥವಾಗಲಿಲ್ಲವೆಂದು ಹೇಳುವುದು ಪಾಪವಲ್ಲ. ಓದಿದುದನ್ನು ಓದಲಾರದವರಿಗೆ ದಾಟಿಸದೆ ಇರುವುದು ಮಾತ್ರ ನಷ್ಟ. ನಿಮ್ಮ ಪ್ರಶ್ನೆಗೆ ಉಪಾಧ್ಯಾಯಿನಿಯರಾದ ನಾವು ಕೆಲವು ವೇಳೆ ಗದರಿಸಿ ಉತ್ತರ ಕೊಟ್ಟಿರಬಹುದು. ಸೋದರಿ ಜೆರಾಲ್ಡೀನರೂ ಪ್ರೀತಿಯಿಂದಲೇ ಗದರಿಸಿದರು. ಅದಕ್ಕಾಗಿ ನೀವು ಕೇಳುವುದನ್ನು ಬಿಡಬೇಡಿರಿ. ನಾವೂ ತಾಳ್ಮೆಯನ್ನು ಕಲಿಯುವೆವು.

ಧೂಳು ಹೊಡೆಯುವ ದಿವಸಕ್ಕಾಗಿ ಕಾಯದೆ, ಈ ವಾರವೇ ಆ ಕಪಾಟಿನಿಂದ ಒಂದು ಪುಸ್ತಕವು ಯಾರದಾದರೂ ಚೀಲದಲ್ಲಿ ಮನೆಗೆ ಹೋಗಲಿ. ಹಾಗಾದರೆ ನಾವು ಈ ಲೇಖನವನ್ನು ಬರೆದುದು ಸಾರ್ಥಕವಾಯಿತೆಂದು ತಿಳಿಯುವೆವು.